ಎಣ್ಣೆ ಕಂಪನಿಯ ಬಾಗಿಲಲ್ಲಿ ಅರ್ಧ ಗಂಟೆ: ಮಿಡ್‌ನೈಟ್ ಆಯಿಲ್‌ನ 'ಬ್ಲ್ಯಾಕ್ ರೇನ್ ಫಾಲ್ಸ್' ವಿಡಿಯೊ ವಿಮರ್ಶೆ

ಆಸ್ಟ್ರೇಲಿಯಾದ ರಾಕ್ ತಂಡ ಮಿಡ್‌ನೈಟ್ ಆಯಿಲ್ 1990ರ ಮೇ 30ರ ಬುಧವಾರ ನ್ಯೂಯಾರ್ಕ್‌ನ ಎಕ್ಸಾನ್ ಎಂಬ ಎಣ್ಣೆ ಕಂಪನಿಯ ಕಚೇರಿಯ ಮುಂದೆ ತೆರೆದ ಟ್ರಕ್ಕೊಂದನ್ನು ನಿಲ್ಲಿಸಿ, ಅದರ ಮೇಲೆ ಹತ್ತಿ ಹಾಡಿತು. ಆರಿಸಿಕೊಂಡದ್ದು ಊಟದ ಬಿಡುವಿನ ಹೊತ್ತು, ಸುತ್ತಲಿನ ಕಚೇರಿಗಳಿಂದ ಜನ ಕೆಳಗಿಳಿದು ರಸ್ತೆಗೆ ಬರುವ ಸಮಯ. ಆ ಪ್ರದರ್ಶನದ ಚಿತ್ರೀಕರಣ 'ಬ್ಲ್ಯಾಕ್ ರೇನ್ ಫಾಲ್ಸ್' ಹೆಸರಿನ ವಿಎಚ್‌ಎಸ್ ಕ್ಯಾಸೆಟ್ಟಾಗಿ ಮಾರುಕಟ್ಟೆಗೆ ಬಂತು, ಮಾರಾಟದ ಹಣ ಪರಿಸರ ಸಂಸ್ಥೆಯಾದ ಗ್ರೀನ್‌ಪೀಸ್‌ಗೆ ಹೋಯಿತು. ಪರಿಸರಕ್ಕಾಗಿ ನಡೆದ ಸಂಗೀತ ಕಾರ್ಯಕ್ರಮಗಳ ದಾಖಲೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನೇ ನೋಡುವಷ್ಟು ಸಮಯವಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನು. ಚಿತ್ರ ಹಳೆಯದು, ಅಂಚುಗಳು ಮಸುಕು, ಧ್ವನಿ ಅಲ್ಲಲ್ಲಿ ಕಿರಿದು. ಆದರೂ ಪ್ರತಿಭಟನೆಯೂ ಸಂಗೀತ ಕಛೇರಿಯೂ ಒಂದಕ್ಕೊಂದು ಅಡ್ಡಬರದೆ ಒಟ್ಟಿಗೆ ನಡೆಯಲು ಏನೇನು ಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಇನ್ನೊಂದು ವಿಡಿಯೊ ನನಗೆ ಗೊತ್ತಿಲ್ಲ.

ಹಿನ್ನೆಲೆ ತಿಳಿಯದೆ ನೋಡಿದರೆ ಅರ್ಧ ರುಚಿ ಕಡಿಮೆ. 1989ರ ಮಾರ್ಚ್ 24, ಗುಡ್ ಫ್ರೈಡೆಯ ದಿನ, ನಡುರಾತ್ರಿ ದಾಟಿ ಕೆಲವೇ ನಿಮಿಷಗಳಲ್ಲಿ 'ಎಕ್ಸಾನ್ ವಾಲ್ಡೀಸ್' ಎಂಬ ತೈಲ ಹಡಗು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬ್ಲೈ ಬಂಡೆಸಾಲಿನ ಮೇಲೆ ಏರಿತು. ಒಂಟಿ ಕವಚದ ಹಡಗು ಅದು. ತೈಲ ತುಂಬಿದ ಹನ್ನೊಂದು ಟ್ಯಾಂಕುಗಳಲ್ಲಿ ಎಂಟು ಒಡೆದು, ಸುಮಾರು 1.1 ಕೋಟಿ ಗ್ಯಾಲನ್, ಅಂದರೆ 4 ಕೋಟಿ ಲೀಟರಿಗೂ ಹೆಚ್ಚು ಕಚ್ಚಾ ತೈಲ ಸಮುದ್ರಕ್ಕೆ ಸುರಿಯಿತು. 12,000 ಲೀಟರಿನ ಟ್ಯಾಂಕರ್ ಲಾರಿಗಳಿಗೆ ತುಂಬಿಸಿದರೆ 3,400ಕ್ಕೂ ಹೆಚ್ಚು ಲಾರಿಗಳು ಬೇಕು. ಸುಮಾರು 2,100 ಕಿಲೋಮೀಟರ್ ಕರಾವಳಿಗೆ ಎಣ್ಣೆ ಹತ್ತಿತು. ಸತ್ತ ಕಡಲಹಕ್ಕಿಗಳು ಸುಮಾರು ಎರಡೂವರೆ ಲಕ್ಷ, ಕಡಲ ನೀರುನಾಯಿಗಳು ಸುಮಾರು 2,800 ಎಂಬ ಅಂದಾಜಿದೆ. ತೊಳೆಯಲು ಹೋದದ್ದೂ ಒಂದು ಅನಾಹುತವೇ ಆಯಿತು. ಬಿಸಿನೀರನ್ನು ಭಾರಿ ಒತ್ತಡದಲ್ಲಿ ಬಂಡೆಗಳಿಗೆ ಹಾಯಿಸಿದಾಗ ಎಣ್ಣೆಯ ಜೊತೆಗೆ, ಎಣ್ಣೆಯಿಂದ ಬದುಕಿ ಉಳಿದಿದ್ದ ಚಿಪ್ಪುಜೀವಿಗಳೂ ಪಾಚಿಗಳೂ ಬೆಂದುಹೋದವು.

ಇದಾಗಿ ಹದಿನಾಲ್ಕು ತಿಂಗಳಿಗೆ ಈ ಟ್ರಕ್ಕು ಬಂದು ನಿಂತಿತು. ತಂಡ ಆ ವರ್ಷದ ಫೆಬ್ರವರಿಯಲ್ಲಿ ಬಿಡುಗಡೆಯಾದ 'ಬ್ಲೂ ಸ್ಕೈ ಮೈನಿಂಗ್' ಆಲ್ಬಮ್ಮಿನ ಪ್ರವಾಸದಲ್ಲಿ ಅಮೆರಿಕದಲ್ಲಿತ್ತು. ಹಾಡುಗಾರ ಪೀಟರ್ ಗ್ಯಾರೆಟ್ ಕಾನೂನು ಓದಿದವರು. 1984ರಲ್ಲಿ ಪರಮಾಣು ನಿಶ್ಶಸ್ತ್ರೀಕರಣ ಪಕ್ಷದಿಂದ ಆಸ್ಟ್ರೇಲಿಯಾದ ಸೆನೆಟ್‌ಗೆ ಸ್ಪರ್ಧಿಸಿ ಸೋತವರು. 1989ರಿಂದ ಆಸ್ಟ್ರೇಲಿಯನ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಪರಿಸರ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. ಹಾಗಾಗಿ ಪರಿಸರದ ಮಾತು ಆಲ್ಬಮ್ ಮಾರಾಟಕ್ಕೆಂದು ಎತ್ತಿಕೊಂಡದ್ದಲ್ಲ.

ಜಾಗದ ಆಯ್ಕೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಎಕ್ಸಾನ್ ಕಚೇರಿಯಿದ್ದ 1251 ಸಿಕ್ಸ್ತ್ ಅವೆನ್ಯೂ ರಾಕ್‌ಫೆಲರ್ ಸೆಂಟರ್‌ಗೆ ಸೇರಿದ 54 ಮಹಡಿಗಳ, 229 ಮೀಟರ್ ಎತ್ತರದ ಕಟ್ಟಡ. ಎದುರು ದಿಕ್ಕಿನಲ್ಲಿ ಆಗ ಜಿಇ ಬಿಲ್ಡಿಂಗ್ ಎನ್ನುತ್ತಿದ್ದ ಗೋಪುರ, ಒಂದು ಬೀದಿ ಆಚೆ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್. ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಪಾದಚಾರಿಗಳನ್ನು ಕರೆತರಬೇಕಿಲ್ಲ, ಅವರು ಇದ್ದೇ ಇರುತ್ತಾರೆ. ಇನ್ನೊಂದು ಸಂಗತಿಯೂ ಇದೆ. ತನ್ನ ಪ್ರಧಾನ ಕಚೇರಿಯನ್ನು ಟೆಕ್ಸಾಸ್‌ನ ಅರ್ವಿಂಗ್‌ಗೆ ಸಾಗಿಸುವುದಾಗಿ ಎಕ್ಸಾನ್ 1989ರಲ್ಲೇ ಪ್ರಕಟಿಸಿತ್ತು. ಅರ್ವಿಂಗ್‌ನ ಲಾಸ್ ಕೊಲಿನಾಸ್ ಕಾರಿನಲ್ಲಿ ಬಂದು ಕಾರಿನಲ್ಲೇ ಹೊರಡುವ ಕಚೇರಿ ಪ್ರದೇಶ. ಅಲ್ಲಿ ಟ್ರಕ್ಕು ನಿಲ್ಲಿಸಿ ಹಾಡಿದ್ದರೆ ಕೇಳಲು ಹುಲ್ಲುಹಾಸು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಕಂಪನಿ ಊರು ಬಿಡುವ ಮೊದಲೇ ಅದರ ಬಾಗಿಲಿಗೆ ಹೋದದ್ದರಿಂದ ಇಷ್ಟು ಜನ ಸೇರಿದರು.

ಟ್ರಕ್ಕಿನ ಮೇಲೆ ಕಟ್ಟಿದ ಬ್ಯಾನರ್ ಈ ವಿಡಿಯೊದಲ್ಲಿ ಆರನೇ ಸದಸ್ಯನಂತೆ ಕೆಲಸ ಮಾಡುತ್ತದೆ. ಮಿಡ್‌ನೈಟ್ ಆಯಿಲ್ ನಿಮ್ಮನ್ನು ಕುಣಿಸುತ್ತದೆ, ಎಕ್ಸಾನ್ ಆಯಿಲ್ ನಮಗೆ ವಾಕರಿಕೆ ತರಿಸುತ್ತದೆ ಎಂಬುದು ಅದರ ಒಕ್ಕಣೆ. ತಡವಾಗಿ ಬಂದು ಹಿಂದೆ ನಿಂತವರಿಗೆ ಹಾಡಿನ ಸಾಲು ಕೇಳಿಸದಿದ್ದರೂ ಇದೇನು, ಯಾರ ವಿರುದ್ಧ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಯಾವ ಕ್ಯಾಮೆರಾ ತಂಡದಲ್ಲಿರುವ ಯಾರನ್ನು ಹಿಡಿದರೂ ಹಿಂದೆ ಆ ಅಕ್ಷರಗಳ ಒಂದು ತುಂಡಾದರೂ ಬರುತ್ತದೆ, ಪತ್ರಿಕೆಯವರು ತೆಗೆದ ಫೋಟೊದಲ್ಲೂ ಅಷ್ಟೇ. ಇಂಥ ಬ್ಯಾನರ್ ಮಾಡಿಸುವವರು ಗಮನಿಸಬೇಕಾದ ಲೆಕ್ಕವೊಂದಿದೆ. ಅಕ್ಷರದ ಎತ್ತರ ಒಂದು ಇಂಚಿದ್ದರೆ ಆರಾಮವಾಗಿ ಓದಲು ಸಿಗುವ ದೂರ ಹತ್ತು ಅಡಿ. ನೂರು ಅಡಿ ಅಗಲದ ರಸ್ತೆಯ ಆಚೆ ಬದಿಗೆ ಕಾಣಬೇಕಾದರೆ ಅಕ್ಷರ ಹತ್ತು ಇಂಚಿಗಿಂತ ಚಿಕ್ಕದಿರಬಾರದು. ಎತ್ತರದ ಕಟ್ಟಡಗಳ ನಡುವೆ ಗಾಳಿ ಸುರಂಗದಲ್ಲಿ ನುಗ್ಗಿದ ಹಾಗೆ ಬೀಸುವುದರಿಂದ ಬಟ್ಟೆ ಹಾಯಿಯಂತೆ ಉಬ್ಬಿ ಚೌಕಟ್ಟನ್ನೇ ಎಳೆದು ಬೀಳಿಸುತ್ತದೆ. ಬಟ್ಟೆಯಲ್ಲಿ ಅಲ್ಲಲ್ಲಿ ಅರ್ಧಚಂದ್ರಾಕಾರದ ಸೀಳು ಬಿಡುವುದು ಅಥವಾ ಜಾಳಿಗೆಯಂಥ ಮೆಶ್ ಬಟ್ಟೆ ಬಳಸುವುದು ಇದಕ್ಕೆ ಪರಿಹಾರ.

ಇನ್ನು ಟ್ರಕ್ಕು. ಅಮೆರಿಕದ ಫ್ಲ್ಯಾಟ್‌ಬೆಡ್ ಟ್ರೇಲರುಗಳ ಸಾಮಾನ್ಯ ಅಳತೆ 48 ಅಡಿ ಉದ್ದ, ಎಂಟೂವರೆ ಅಡಿ ಅಗಲ, ನೆಲದಿಂದ ಸುಮಾರು ಐದು ಅಡಿ ಎತ್ತರ. ಎತ್ತರ ವೇದಿಕೆಗೆ ಹೇಳಿಮಾಡಿಸಿದ್ದು, ಉದ್ದಕ್ಕೂ ಕೊರತೆಯಿಲ್ಲ. ಸಮಸ್ಯೆ ಇರುವುದೆಲ್ಲ ಅಗಲದಲ್ಲಿ. ಡ್ರಮ್ ಸೆಟ್ ಒಂದೇ ಆರು ಅಡಿಗೂ ಹೆಚ್ಚು ಚೌಕ ಬೇಡುತ್ತದೆ. ಹೀಗಾಗಿ ಒಬ್ಬರ ಹಿಂದೊಬ್ಬರು ನಿಲ್ಲುವ ಸಾಮಾನ್ಯ ಕ್ರಮ ಇಲ್ಲಿ ನಡೆಯುವುದಿಲ್ಲ, ಎಲ್ಲರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಹರಡಿಕೊಳ್ಳಬೇಕು. ಅದರಲ್ಲೂ ಗ್ಯಾರೆಟ್ ಆರು ಅಡಿ ನಾಲ್ಕು ಇಂಚಿನ ಆಳು. ಕೈಕಾಲುಗಳನ್ನು ಕೀಲು ಸಡಿಲಗೊಂಡವರ ಹಾಗೆ ಎಸೆದು ಕುಣಿಯುವುದು ಅವರ ರೀತಿ. ಎಂಟೂವರೆ ಅಡಿಯಲ್ಲಿ ಆಂಪ್ (ವಾದ್ಯದ ಸದ್ದು ಹೆಚ್ಚಿಸುವ ಪೆಟ್ಟಿಗೆ), ಮಾನಿಟರ್ (ನುಡಿಸುವವರಿಗೇ ತಮ್ಮ ಸದ್ದು ಕೇಳಿಸುವ ಸ್ಪೀಕರ್), ಕೇಬಲ್ ಎಲ್ಲ ಕಳೆದು ಉಳಿಯುವ ಮೂರ್ನಾಲ್ಕು ಅಡಿಯಲ್ಲೇ ಅವರು ಆ ಕುಣಿತ ನಡೆಸುತ್ತಾರೆ. ಅಂಚಿಗೆ ಕಟಕಟೆಯಿಲ್ಲದ ಜಾಗದಲ್ಲಿ ಅಷ್ಟು ರಭಸ, ಆದರೂ ಪಾದ ಎಲ್ಲಿ ಬೀಳಬೇಕೆಂಬ ಎಚ್ಚರ ಒಂದು ಕ್ಷಣವೂ ತಪ್ಪದು. ಇದನ್ನು ಗಮನಿಸಿ ನೋಡಲೆಂದೇ ಎರಡನೇ ಸಲ ಹಾಕಿಕೊಂಡರೂ ನಷ್ಟವಿಲ್ಲ.

ಧ್ವನಿಯ ವಿಷಯಕ್ಕೆ ಬರೋಣ, ಏಕೆಂದರೆ ಬೀದಿ ಪ್ರದರ್ಶನಗಳು ಸೋಲುವುದು ಮುಖ್ಯವಾಗಿ ಇಲ್ಲಿ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 110 ಡೆಸಿಬಲ್ ಕೊಡುವ ಸ್ಪೀಕರ್ 32 ಮೀಟರ್ ಆಚೆ 80ಕ್ಕೆ ಬಂದಿರುತ್ತದೆ. ದೊಡ್ಡ ಪೇಟೆಯ ವಾಹನಗಳ ಸದ್ದೇ ಅಷ್ಟಿರುತ್ತದೆ, ಮಾತು ಅದರಲ್ಲಿ ಮುಳುಗಿಹೋಗುತ್ತದೆ. ರಸ್ತೆಯ ಆಚೆ ಬದಿಯವರಿಗೂ ಸಾಲುಗಳು ಕೇಳಬೇಕಾದರೆ ಒಂದು ಮೀಟರಿನಲ್ಲಿ 125 ಡೆಸಿಬಲ್ ಹತ್ತಿರ ಕೊಡುವ ಸ್ಪೀಕರ್ ಜೋಡಿ ಬೇಕು. ಅದೂ ಜನರ ತಲೆಯ ಮೇಲಿಂದ ಹಾಯುವಂತೆ ಎತ್ತರಕ್ಕೆ ಇಟ್ಟಿರಬೇಕು. ನೆಲಕ್ಕಿಟ್ಟರೆ ಮೊದಲ ಎರಡು ಸಾಲಿನ ದೇಹಗಳೇ ಮೇಲಿನ ಸ್ವರಗಳನ್ನು ಹೀರಿಕೊಂಡು, ಹಿಂದಿದ್ದವರಿಗೆ ಬರೀ ಧಡಧಡ ಉಳಿಯುತ್ತದೆ.

ಎರಡನೆಯದು ಪ್ರತಿಧ್ವನಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 30 ಮೀಟರ್ ದೂರದ ಗಾಜಿನ ಗೋಡೆಗೆ ಬಡಿದು ಹಿಂದಿರುಗಲು 0.17 ಸೆಕೆಂಡು, 60 ಮೀಟರಾದರೆ 0.35 ಸೆಕೆಂಡು. ನಿಮಿಷಕ್ಕೆ 130 ತಾಳವಿರುವ ಹಾಡಿನಲ್ಲಿ ಒಂದು ತಾಳಕ್ಕೂ ಮುಂದಿನದಕ್ಕೂ 0.46 ಸೆಕೆಂಡಿನ ಅಂತರ. ಅಂದರೆ ಗೋಡೆಯಿಂದ ಮರಳುವ ಸ್ನೇರ್ ಡ್ರಮ್ಮಿನ ಹೊಡೆತ ಎರಡು ತಾಳಗಳ ನಡುವೆ ಎಲ್ಲೆಲ್ಲೋ ಬೀಳುತ್ತದೆ. ಡ್ರಮ್ ಬಾರಿಸುವವನು ಆ ಮರುಸದ್ದಿಗೆ ಕಿವಿಗೊಟ್ಟರೆ ನಿಧಾನವಾಗುತ್ತ ಹೋಗುತ್ತಾನೆ, ಹೆದರಿದರೆ ಓಡುತ್ತಾನೆ. ರಾಬ್ ಹರ್ಸ್ಟ್ ಎರಡನ್ನೂ ಮಾಡುವುದಿಲ್ಲ. ಬಾರಿಸುತ್ತಲೇ ಹಿನ್ನೆಲೆ ದನಿಯನ್ನೂ ಹಾಡುವ ಅವರು ಹತ್ತಿರದ ಮಾನಿಟರನ್ನು ನಂಬಿ, ಕಟ್ಟಡಗಳನ್ನು ಕಿವಿಗೆ ಹಾಕಿಕೊಳ್ಳದೆ ತಾಳ ಹಿಡಿದಿದ್ದಾರೆ. ಬಾಸ್‌ನಲ್ಲಿ ಬೋನ್ಸ್ ಹಿಲ್‌ಮನ್ ಆ ತಾಳಕ್ಕೆ ಅಂಟಿಕೊಂಡೇ ನುಡಿಸುತ್ತಾರೆ. ಗಾಜಿನ ಕಣಿವೆಯಲ್ಲಿ ಐದು ಜನ ಒಂದೇ ಸಮ ಕೇಳುವುದು ಸುಲಭದ ಮಾತಲ್ಲ. ವರ್ಷಗಟ್ಟಲೆ ಸಿಡ್ನಿಯ ಕಿಕ್ಕಿರಿದ ಪಬ್ಬುಗಳಲ್ಲಿ ನುಡಿಸಿ ಬಂದ ತಂಡವೆಂಬುದು ಇಲ್ಲಿ ನೆರವಿಗೆ ಬಂದಿದೆ.

ಇಂಥ ಪ್ರದರ್ಶನಕ್ಕೆ ಕರೆಂಟು ಎಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಟ್ಟಡದವರು ಪ್ಲಗ್ ಕೊಡುವುದಿಲ್ಲ, ಜನರೇಟರ್ ಜೊತೆಗೇ ಬರಬೇಕು. ಐದು ಜನರ ತಂಡದ ಬಾಬತ್ತು ಹೀಗೆ ಬೀಳುತ್ತದೆ: ವಾಲ್ವ್ ಗಿಟಾರ್ ಆಂಪ್ ಒಂದಕ್ಕೆ 300-400 ವ್ಯಾಟ್, ಅಂಥವು ಎರಡು. ಬಾಸ್ ಆಂಪ್, ಕೀಬೋರ್ಡ್, ಮಿಕ್ಸರ್ ಸೇರಿ ಇನ್ನೊಂದು ಕಿಲೋವ್ಯಾಟ್. ಸ್ಪೀಕರುಗಳಿಗೂ ಮಾನಿಟರುಗಳಿಗೂ 4ರಿಂದ 6 ಕಿಲೋವ್ಯಾಟ್. ಮೊತ್ತ 8 ಕಿಲೋವ್ಯಾಟ್ ದಾಟುವುದಿಲ್ಲ ಎಂದು 10 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಜನರೇಟರ್ ತಂದರೆ ಕೆಟ್ಟಿತು. ಕಿಕ್ ಡ್ರಮ್ಮು, ಬಾಸ್ ಒಟ್ಟಿಗೆ ಬಿದ್ದಾಗ ಆಂಪ್‌ಗಳು ಒಮ್ಮೆಲೇ ಕರೆಂಟು ಎಳೆಯುತ್ತವೆ, ಎಂಜಿನ್ ಅರೆಕ್ಷಣ ಬಳಲುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಕೀಬೋರ್ಡು ತನ್ನಷ್ಟಕ್ಕೇ ಆರಿ ಮತ್ತೆ ಹತ್ತಿಕೊಂಡರೆ ಕಾರಣ ಇದೇ. 15ರಿಂದ 20 ಕೆವಿಎ ಇಟ್ಟುಕೊಂಡು, ವಾದ್ಯಗಳ ಲೈನು ಒಂದು ಫೇಸಿಗೆ, ಸ್ಪೀಕರಿನ ಲೈನು ಇನ್ನೊಂದಕ್ಕೆ ಹಾಕುವುದು ಅನುಭವಸ್ಥರ ಕ್ರಮ. ಅರ್ಥಿಂಗ್ ಮಾತ್ರ ಎಲ್ಲಕ್ಕೂ ಒಂದೇ ಬಿಂದುವಿನಿಂದ ಬರಬೇಕು. ಗಿಟಾರಿನ ಆಂಪ್ ಒಂದು ಕಡೆ, ಮೈಕಿನ ಮಿಕ್ಸರ್ ಇನ್ನೊಂದು ಕಡೆ ಅರ್ಥ್ ಆಗಿದ್ದರೆ ಗುಂಯ್ ಎನ್ನುವ ಹಮ್ ಬಿಡುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು, ಗಿಟಾರ್ ತಂತಿ ಹಿಡಿದವನ ತುಟಿ ಮೈಕಿಗೆ ತಾಗಿದಾಗ ಹೊಡೆಯುವ ಶಾಕ್. ಲೋಹದ ಟ್ರೇಲರಿನ ಮೇಲೆ ಈ ಅಪಾಯ ಇನ್ನೂ ಹೆಚ್ಚು, ಹಾಡುವ ಮೊದಲು ಮೈಕಿಗೂ ಗಿಟಾರ್ ತಂತಿಗೂ ನಡುವೆ ಮೀಟರ್ ಹಿಡಿದು ನೋಡಲೇಬೇಕು.

ಎಣ್ಣೆ ಕಂಪನಿಯ ವಿರುದ್ಧ ಎಣ್ಣೆ ಸುಡುವ ಜನರೇಟರ್ ತಂದು ಹಾಡಬಹುದೇ ಎಂದು ಈಗಿನವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ 1990ರಲ್ಲಿ ಹತ್ತು ಕಿಲೋವ್ಯಾಟ್ ಕೊಡಬಲ್ಲ, ಹೊತ್ತು ತರಬಲ್ಲ ಬ್ಯಾಟರಿ ಕಟ್ಟು ಬಾಡಿಗೆಗೆ ಸಿಗುವ ಕಾಲವಲ್ಲ. ಈಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಿವೆ. ಸಂಗೀತದ ಸರಾಸರಿ ಬಳಕೆ ಗರಿಷ್ಠದ ಮೂರನೇ ಒಂದಕ್ಕಿಂತ ಕಡಿಮೆ ಇರುವುದರಿಂದ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಐದು ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಧಾರಾಳ. ಇನ್ವರ್ಟರ್ ಮಾತ್ರ ಗರಿಷ್ಠ ಹೊರೆಯನ್ನು ತಡೆಯುವಷ್ಟು ದೊಡ್ಡದಿರಬೇಕು, ಶುದ್ಧ ಸೈನ್ ಅಲೆಯದ್ದಿರಬೇಕು. ಬ್ಯಾಟರಿಯ ಇನ್ನೊಂದು ಲಾಭ ಮೌನ. ಜನರೇಟರಿನ ಗುರುಗುರು ಮೈಕುಗಳಿಗೆ ನುಗ್ಗುವುದಿಲ್ಲ, ಮಾತಿನ ನಡುವೆ ನಿಶ್ಶಬ್ದ ಬಿಟ್ಟರೆ ಅದು ನಿಶ್ಶಬ್ದವಾಗಿಯೇ ಉಳಿಯುತ್ತದೆ.

ಹಾಡುಗಳ ಆಯ್ಕೆಯಲ್ಲಿ ಯೋಚನೆ ಕಾಣುತ್ತದೆ. 'ಡ್ರೀಮ್‌ವರ್ಲ್ಡ್' ಕ್ವೀನ್ಸ್‌ಲ್ಯಾಂಡಿನ ಕರಾವಳಿಯನ್ನು ಕಟ್ಟಡದವರು ನುಂಗಿದ್ದರ ಬಗ್ಗೆ. ಬ್ರಿಸ್ಬೇನಿನ ಕ್ಲೌಡ್‌ಲ್ಯಾಂಡ್ ನೃತ್ಯಮಂದಿರವನ್ನು 1982ರ ನವೆಂಬರಿನಲ್ಲಿ ರಾತ್ರೋರಾತ್ರಿ ಕೆಡವಿದ್ದು ಅದರಲ್ಲಿ ಬರುತ್ತದೆ. ನ್ಯೂಯಾರ್ಕಿನ ಕೇಳುಗರಿಗೆ ಆ ಊರುಗಳ ಹೆಸರು ಗೊತ್ತಿರಲಾರದು, ಆದರೆ ಹಾಡಿನ ನುಗ್ಗು ಗೊತ್ತಾಗುತ್ತದೆ. 'ಪ್ರೋಗ್ರೆಸ್' 1985ರ 'ಸ್ಪೀಶೀಸ್ ಡಿಸೀಸಸ್' ಇಪಿಯದು, ಅಂದರೆ ಕಿರು ಆಲ್ಬಮ್ಮಿನದು. 'ಸಮ್‌ಟೈಮ್ಸ್' ಕುಗ್ಗಿದವರಿಗೆ ಎದ್ದೇಳಿ ಎನ್ನುವ ಹಾಡು, ಗುಂಪಿಗೆ ಕೂಡಲೇ ಹತ್ತುತ್ತದೆ. ಜಾನ್ ಲೆನನ್ನರ 'ಇನ್‌ಸ್ಟಂಟ್ ಕರ್ಮ' ಆರಿಸಿದ್ದು ಜಾಣತನ. ದಾರಿಹೋಕರಿಗೂ ಬಾಯಿಗೆ ಬರುವ ಹಾಡು ಒಂದಾದರೂ ಬೇಕು. ಲೆನನ್ ಬದುಕಿ, ಕೊಲೆಯಾದ ಡಕೋಟಾ ಕಟ್ಟಡ ಅಲ್ಲಿಂದ ಇಪ್ಪತ್ತೆರಡು ಬೀದಿ ಉತ್ತರಕ್ಕಿದೆ, ಊರಿನವರಿಗೆ ಅದನ್ನು ನೆನಪಿಸಬೇಕಿರಲಿಲ್ಲ.

ನನ್ನ ಲೆಕ್ಕದಲ್ಲಿ ಈ ವಿಡಿಯೊದ ಎದೆ ಇರುವುದು 'ಬ್ಲೂ ಸ್ಕೈ ಮೈನ್'ನಲ್ಲಿ. ಪಶ್ಚಿಮ ಆಸ್ಟ್ರೇಲಿಯಾದ ವಿಟನೂಮ್ ಎಂಬಲ್ಲಿ 1966ರವರೆಗೆ ನೀಲಿ ಕಲ್ನಾರಿನ ಗಣಿಗಾರಿಕೆ ನಡೆಯಿತು. ಆ ನಾರಿನ ಧೂಳು ಉಸಿರಿಗೆ ಹೋಗಿ ಗಣಿಯಾಳುಗಳೂ ಅವರ ಹೆಂಡತಿ ಮಕ್ಕಳೂ ದಶಕಗಳ ನಂತರ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರಿನಿಂದ ಸತ್ತರು. ಹಾಡು ಅವರದು. ಸಂಬಳ ಕೊಡುವ ಕಂಪನಿ ತನ್ನ ಆಳುಗಳಿಗೆ ಏನು ಬಾಕಿ ಇದೆ ಎಂದು ಕೇಳುವ ಹಾಡನ್ನು ಎಕ್ಸಾನಿನ ಬಾಗಿಲಲ್ಲಿ ಹಾಡಿದಾಗ, ಅಲಾಸ್ಕಾದ ಹೆಸರು ಎತ್ತದೆಯೇ ಅದು ಅಲಾಸ್ಕಾಕ್ಕೂ ಸಲ್ಲುತ್ತದೆ. ಹಾಡು ಶುರುವಾಗುವುದು ಗ್ಯಾರೆಟ್ ಊದುವ ಮೌತ್ ಆರ್ಗನ್ನಿನಿಂದ. ಬೀದಿಯಲ್ಲಿ ಇದು ಕಷ್ಟದ ಕೆಲಸ. ಹಾರ್ಮೋನಿಕಾವನ್ನೂ ಮೈಕನ್ನೂ ಒಂದೇ ಅಂಗೈಯೊಳಗೆ ಮುಚ್ಚಿ ಹಿಡಿದರೆ ಮೈಕಿನ ಹಿಂಬದಿಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆಗ ಮೈಕು ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಂಡು ಕುಯ್ಯೆಂದು ಕೂಗತೊಡಗುತ್ತದೆ. ಮೈಕನ್ನು ಸ್ಟ್ಯಾಂಡಿನಲ್ಲೇ ಬಿಟ್ಟು ಹಾರ್ಮೋನಿಕಾವನ್ನು ಅದರ ಬಾಯಿಗೆ ಎರಡು ಬೆರಳಿನಷ್ಟು ದೂರ ಹಿಡಿಯುವುದು, ಆ ಹೊತ್ತಿಗೆ ಮಾನಿಟರನ್ನು ಸ್ವಲ್ಪ ಇಳಿಸುವುದು ಸರಿಯಾದ ಕ್ರಮ.

ವಿಡಿಯೊಗೆ ಹೆಸರು ಬಂದದ್ದು 'ರಿವರ್ ರನ್ಸ್ ರೆಡ್' ಹಾಡಿನ ಸಾಲಿನಿಂದ. ನಿಧಾನಗತಿಯದು. ಬೀದಿ ಕಾರ್ಯಕ್ರಮದಲ್ಲಿ ನಿಧಾನದ ಹಾಡು ಹಾಕಿದರೆ ಜನ ಚದುರುತ್ತಾರೆ ಎಂಬ ಭಯ ಎಲ್ಲ ತಂಡಗಳಿಗೂ ಇರುತ್ತದೆ, ಇವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಜಿಮ್ ಮೊಗಿನಿ ಮತ್ತು ಮಾರ್ಟಿನ್ ರಾಟ್ಸಿ ಅವರ ಗಿಟಾರುಗಳು ಇಲ್ಲಿ ಒಂದಕ್ಕೊಂದು ಜಾಗ ಬಿಟ್ಟು ನುಡಿಯುತ್ತವೆ. ದುಃಖ ಹೇಳಲು ವೇಗ ತಗ್ಗಿಸಬೇಕಿತ್ತು, ತಗ್ಗಿಸಿದ್ದಾರೆ.

ಭಾಷಣ ಕಡಿಮೆ ಇರುವುದನ್ನು ನಾನು ಈ ಕಾರ್ಯಕ್ರಮದ ದೊಡ್ಡ ಗುಣವೆಂದು ಎಣಿಸುತ್ತೇನೆ. ಲೋಕಸಭೆಯಲ್ಲಿ ನಿಂತಂತೆ ಮಾತನಾಡಬಲ್ಲ ಗ್ಯಾರೆಟ್ ಹಾಡುಗಳ ನಡುವೆ ಚುಟುಕಾಗಿ ಹೇಳಿ ಮುಂದಿನ ಹಾಡಿಗೆ ಹೋಗುತ್ತಾರೆ. ಇದಕ್ಕೆ ವ್ಯಾವಹಾರಿಕ ಕಾರಣವೂ ಇದೆ. ಸಂಚಾರ ತಡೆದು ನಡೆಯುವ ಪ್ರದರ್ಶನಕ್ಕೆ ಸಿಗುವ ಸಮಯ ಮಿತವಾದದ್ದು. ಪೊಲೀಸರು ನಿಲ್ಲಿಸಿ ಎನ್ನುವುದು ಸಾಮಾನ್ಯವಾಗಿ ಮಾತಿನ ನಡುವೆ, ಹಾಡಿನ ನಡುವೆಯಲ್ಲ. ಹಾಗಾಗಿ ಮುಖ್ಯವಾದದ್ದನ್ನು ಮೊದಲ ಹದಿನೈದು ನಿಮಿಷದಲ್ಲೇ ಮುಗಿಸಿರಬೇಕು.

ಇದೇ ತಂಡದ ಇನ್ನೊಂದು ಪ್ರದರ್ಶನದ ಜೊತೆಗಿಟ್ಟು ನೋಡಿದರೆ ಜಾಗದ ಮಹತ್ವ ತಿಳಿಯುತ್ತದೆ. 1993ರ ಜುಲೈ 15ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಕ್ಲೇಯೊಕ್ವಾಟ್ ಸೌಂಡ್ ಕಾಡು ಕಡಿಯುವುದರ ವಿರುದ್ಧ ರಸ್ತೆ ತಡೆ ನಡೆಯುತ್ತಿದ್ದಾಗ, 'ಬ್ಲ್ಯಾಕ್ ಹೋಲ್' ಎಂದು ಕರೆಯುತ್ತಿದ್ದ ಬೋಳು ಬಯಲಿನಲ್ಲಿ ಅವರು ಹಾಡಿದರು. ಆ ಬೇಸಿಗೆಯಲ್ಲಿ ಅಲ್ಲಿ 800ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಅಲ್ಲಿ ತಂಡ ಹೋದದ್ದು ಈಗಾಗಲೇ ಹೋರಾಡುತ್ತಿದ್ದವರ ಬೆನ್ನಿಗೆ ನಿಲ್ಲಲು. ಮ್ಯಾನ್‌ಹಟನ್ನಿನಲ್ಲಿ ಹಾಡಿದ್ದು ಆ ಬೆಳಿಗ್ಗೆ ಎಣ್ಣೆಯ ಬಗ್ಗೆ ಯೋಚಿಸಿರದಿದ್ದ ಗುಮಾಸ್ತರಿಗೆ, ಅಂಗಡಿಯವರಿಗೆ, ಟಿವಿ ಕ್ಯಾಮೆರಾಗಳಿಗೆ. ಎರಡೂ ಬೇಕು, ಎರಡಕ್ಕೂ ಬೇರೆ ಬೇರೆ ಸಿದ್ಧತೆ ಬೇಕು. ಕಾಡಿನ ಬಯಲಿನಲ್ಲಿ ಪ್ರತಿಧ್ವನಿಸುವ ಗೋಡೆ ಇರುವುದಿಲ್ಲ, ಶಬ್ದ ಹಾರಿಹೋಗುತ್ತದೆ, ಸ್ಪೀಕರುಗಳು ಹೆಚ್ಚು ಬೇಕಾಗುತ್ತವೆ. ನೆಲ ಏರುತಗ್ಗಿನದಾದ್ದರಿಂದ ಟ್ರಕ್ಕಿನ ಗಾಲಿಗಳಡಿ ಹಲಗೆ ಕೊಟ್ಟು ಮಟ್ಟ ಮಾಡದಿದ್ದರೆ ಡ್ರಮ್ ಸೆಟ್ ಹಾಡಿನ ನಡುವೆ ಜಾರುತ್ತದೆ.

ಬೆಂಗಳೂರಿನಲ್ಲಿ ಇಂಥದ್ದನ್ನು ಯೋಚಿಸುವವರಿಗೆ ಒಂದು ಮಾತು. 2021ರ ಆದೇಶದ ಪ್ರಕಾರ ನಗರದಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ. ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಡಿ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಕಂಪನಿಯೊಂದರ ಬಾಗಿಲಲ್ಲೇ ಹಾಡುವುದು, ಈ ವಿಡಿಯೊದ ಜೀವಾಳವೇ ಆಗಿರುವ ಆ ಒಂದು ಸಂಗತಿ, ಇಲ್ಲಿ ಈಗ ಕಾನೂನಿನೊಳಗೆ ಸಾಧ್ಯವಿಲ್ಲ. ಇದು ಬದಲಾಗಬೇಕೆಂದು ನಾನು ನಂಬುತ್ತೇನೆ.

ಕೊರತೆಗಳನ್ನೂ ಹೇಳಬೇಕು. ಅಲಾಸ್ಕಾದ ಕಡೆಯ ಕಥೆ ಇದರಲ್ಲಿ ಸಾಲದು. ಕಾರ್ಡೋವಾ ಊರಿನ ಮೀನುಗಾರರ ಹೆರಿಂಗ್ ಮೀನು 1993ರಲ್ಲಿ ಕುಸಿದು ಇನ್ನೂ ಚೇತರಿಸಿಕೊಂಡಿಲ್ಲ. ಆ ತೀರದ ಮೂಲನಿವಾಸಿಗಳ ಹಳ್ಳಿಗಳಲ್ಲಿ ತಿನ್ನುವ ಮೀನು, ಚಿಪ್ಪುಗಳ ಬಗ್ಗೆಯೇ ಭಯ ಹುಟ್ಟಿತು. ಇವೆಲ್ಲ ಬೇರೆಡೆ ಓದಿಕೊಳ್ಳಬೇಕು. ಎರಡನೆಯದು, ಈ ಹಾಡುಗಳಿಂದ ಎಕ್ಸಾನ್ ಮಣಿಯಿತು ಎಂಬ ಭಾವನೆಯಿಂದ ನೋಡಬಾರದು. ತೈಲ ಹಡಗುಗಳಿಗೆ ಜೋಡಿ ಕವಚ ಕಡ್ಡಾಯಗೊಳಿಸಿದ ಅಮೆರಿಕದ ಕಾಯ್ದೆಗೆ ಆ ವರ್ಷದ ಆಗಸ್ಟ್ 18ರಂದು ಸಹಿ ಬಿತ್ತು, ನಿಜ. ಆದರೆ ಅದು ಸೋರಿಕೆಯಾದಾಗಿನಿಂದ ಸಂಸತ್ತಿನಲ್ಲಿ ನಡೆದ ಜಗ್ಗಾಟದ ಫಲ. ಮೀನುಗಾರರಿಗೆ 1994ರಲ್ಲಿ ಜ್ಯೂರಿ ಕೊಟ್ಟ 500 ಕೋಟಿ ಡಾಲರಿನ ದಂಡ ಪರಿಹಾರವನ್ನು ಕಂಪನಿ ವರ್ಷಗಟ್ಟಲೆ ಎಳೆಯಿತು, 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 50.75 ಕೋಟಿಗೆ ಇಳಿಸಿತು. ಅಷ್ಟರಲ್ಲಿ ದಾವೆ ಹೂಡಿದ್ದ ಎಷ್ಟೋ ಜನ ತೀರಿಕೊಂಡಿದ್ದರು.

ಗ್ಯಾರೆಟ್ ಮುಂದೆ ಲೇಬರ್ ಪಕ್ಷ ಸೇರಿ, 2007ರಲ್ಲಿ ಪರಿಸರ ಸಚಿವರಾಗಿ, 2009ರ ಜುಲೈನಲ್ಲಿ ಫೋರ್ ಮೈಲ್ ಯುರೇನಿಯಂ ಗಣಿಗೆ ಒಪ್ಪಿಗೆ ಕೊಟ್ಟರು. ಅದನ್ನು ತಿಳಿದವರಿಗೆ ಈ ವಿಡಿಯೊ ನೋಡುವಾಗ ಮನಸ್ಸು ಕಸಿವಿಸಿಯಾಗುತ್ತದೆ. ಸಚಿವರ ತೀರ್ಮಾನವನ್ನು ಟೀಕಿಸುವುದು ಸರಿ, ನಾನೂ ಅದನ್ನು ಒಪ್ಪುವುದಿಲ್ಲ. ಆದರೆ ಆ ಟ್ರಕ್ಕಿನ ಮೇಲೆ ಐದು ಜನರಿದ್ದರು, ಆ ಮಧ್ಯಾಹ್ನ ಅವರು ಹೇಳಿದ ಮಾತು ಇಂದಿಗೂ ಸತ್ಯ.

ಇನ್ನು ಕೊಳ್ಳುವ ವಿಚಾರ. ಮೂಲ ವಿಎಚ್‌ಎಸ್ ಹಳೆಯ ಕ್ಯಾಸೆಟ್ ಮಾರುವವರ ಬಳಿ ಸಿಗುತ್ತದೆ. ಅಮೆರಿಕದ ಪ್ರತಿ ಅಲ್ಲಿನ ಟಿವಿಗಳ ಎನ್‌ಟಿಎಸ್‌ಸಿ ಪದ್ಧತಿಯದು, ನಮ್ಮ ಹಳೆಯ ಪಿಎಎಲ್ ವಿಸಿಆರಿನಲ್ಲಿ ಹಾಕಿದರೆ ಚಿತ್ರ ಕಪ್ಪುಬಿಳುಪಾಗಿ ಉರುಳುತ್ತದೆ. ಮಲ್ಟಿ-ಸಿಸ್ಟಮ್ ವಿಸಿಆರ್ ಇದ್ದರೆ ಮಾತ್ರ ಕೊಳ್ಳಿ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿ ನೋಡಿ, ಟೇಪಿನ ಅಂಚಿಗೆ ಬಿಳಿ ಪುಡಿಯಂಥ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ. ಹೆಡ್ ಕೆಡುತ್ತದೆ, ಬೂಷ್ಟು ನಿಮ್ಮ ಉಳಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಮಂಗಳೂರು, ಉಡುಪಿ ಕಡೆಯ ತೇವದಲ್ಲಿ ಇಟ್ಟ ಕ್ಯಾಸೆಟ್ಟುಗಳಿಗೆ ಇದು ಬೇಗ ಹಿಡಿಯುತ್ತದೆ. ಸರಿಯಿದ್ದರೆ ಮೊದಲು ಒಮ್ಮೆ ಪೂರ್ತಿ ಮುಂದಕ್ಕೋಡಿಸಿ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿ. ವಿಸಿಆರ್ ಹೈಫೈ ಆಗಿರಲಿ. ಬರೀ ಮಾನೊ ಟ್ರ್ಯಾಕ್ ಓದುವ ಯಂತ್ರದಲ್ಲಿ ಸಿಂಬಲ್ಲುಗಳ ಮಿನುಗು ಪೂರ್ತಿ ಮಾಯವಾಗಿ, ಧ್ವನಿ ಕಂಬಳಿ ಹೊದ್ದಂತಾಗುತ್ತದೆ, ತಪ್ಪು ರೆಕಾರ್ಡಿಂಗಿನದೆಂದು ನೀವು ತಿಳಿಯುತ್ತೀರಿ. ಕಂಪ್ಯೂಟರಿಗೆ ಇಳಿಸಿಕೊಳ್ಳುವುದಾದರೆ ಎಸ್-ವಿಡಿಯೊ ಕೇಬಲ್ ಬಳಸಿ, 4:3 ಆಕಾರವನ್ನು ಹಾಗೇ ಇಡಿ, ಡೀಇಂಟರ್‌ಲೇಸ್ (ಅರ್ಧರ್ಧ ಗೆರೆಗಳ ಚಿತ್ರವನ್ನು ಪೂರ್ಣ ಚೌಕಟ್ಟಾಗಿಸುವುದು) ಮಾಡುವಾಗ ಸೆಕೆಂಡಿಗೆ 59.94 ಚೌಕಟ್ಟು ಉಳಿಸಿಕೊಳ್ಳಿ. 29.97ಕ್ಕೆ ಇಳಿಸಿದರೆ ಗ್ಯಾರೆಟ್ ಕೈ ಬೀಸುವ ಪ್ರತಿ ಚಲನೆಯೂ ತಡವರಿಸಿದಂತೆ ಕಾಣುತ್ತದೆ.

2017ರಲ್ಲಿ ಬಂದ 'ಓವರ್‌ಫ್ಲೋ ಟ್ಯಾಂಕ್' ಬಾಕ್ಸ್ ಸೆಟ್‌ನ ಡಿವಿಡಿಗಳಲ್ಲೂ ಇದು ಸೇರಿದೆ. ತಂಡದ ಹಾಡು ಒಂದೋ ಎರಡೋ ಕೇಳಿದವರಿಗೆ ಆ ಬಾಕ್ಸ್ ದುಬಾರಿ ಮತ್ತು ಅತಿಯಾಯಿತು. ತಂಡವನ್ನು ಮೊದಲಿನಿಂದ ಕೇಳುತ್ತ ಬಂದವರು ಯೋಚಿಸದೆ ತೆಗೆದುಕೊಳ್ಳಬಹುದು. ಆಸ್ಟ್ರೇಲಿಯಾದ ಡಿವಿಡಿ ವಲಯ 4, ಭಾರತದ್ದು 5, ಕೊಳ್ಳುವ ಮೊದಲು ನಿಮ್ಮ ಪ್ಲೇಯರ್ ಎಲ್ಲ ವಲಯಗಳನ್ನೂ ಓದುತ್ತದೆಯೇ ಎಂದು ಅದರ ಸೆಟ್ಟಿಂಗ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಪ್ರದರ್ಶನಕ್ಕೆ ಐದಕ್ಕೆ ಐದು, ಧ್ವನಿಗೆ ಮೂರೂವರೆ, ಚಿತ್ರಕ್ಕೆ ಮೂರು. ಟಿವಿಯ ಸಣ್ಣ ಸ್ಪೀಕರಿನಲ್ಲಿ ಹಿಲ್‌ಮನ್ನರ ಬಾಸ್ ಸಂಪೂರ್ಣ ಕಾಣೆಯಾಗುತ್ತದೆ. ದೊಡ್ಡ ಸ್ಪೀಕರಿಗೋ ಒಳ್ಳೆಯ ಹೆಡ್‌ಫೋನಿಗೋ ಜೋಡಿಸಿಯೇ ಕೇಳಿ.